ಬೋಟಿ ಮಾರಬಾರದು

ಹೊಳೆನರಸೀಪುರದ ಶಾಲೆಗೆ ವರ್ಗವಾಗಿ ಬಂದಾಗ ನನಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಜೊತೆಯ ಮೇಷ್ಟ್ರುಗಳೆಲ್ಲ ಸಂಜೆಯಾದರೆ ಹಾಸನದ ಬಸ್ಸು ಹತ್ತಿಬಿಡುತ್ತಿದ್ದರು. ನಾನು ಬಾಡಿಗೆ ರೂಮಿಗೆ ಹೋಗಿ ಸ್ಟೌ ಹಚ್ಚಬೇಕು. ಗೇಟಿನ ಹೊರಗೆ, ಮಕ್ಕಳು ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಹಳದಿ ಬೋಟಿ, ಬಣ್ಣದ ಶರಬತ್ತು ಮಾರುತ್ತಿದ್ದ ಹೆಂಗಸು ಮಾತ್ರ ದಿನವೂ ಕೇಳುತ್ತಿದ್ದಳು: "ಉಂಡ್ರಾ ಮೇಷ್ಟ್ರೇ?" ಹಸಿದಿದ್ದರೂ "ಆಯ್ತಮ್ಮ" ಅನ್ನುತ್ತಿದ್ದೆ.

ಒಂದು ವರ್ಷ ಮಕ್ಕಳ ಆರೋಗ್ಯದ ಬಗ್ಗೆ ಸಭೆ ನಡೆಯಿತು. ಕರಿದದ್ದು, ಬಣ್ಣ ಹಾಕಿದ್ದು ಬೇಡ. ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ, ಮಜ್ಜಿಗೆ ಮಾರಬಹುದು ಎಂದು ತೀರ್ಮಾನವಾಯಿತು. ಅಕ್ಷರ ದುಂಡಗಿದೆ ಎಂದು ಬೋರ್ಡು ನನ್ನಿಂದಲೇ ಬರೆಸಿದರು. ಓದುಬಾರದ ಅವಳಿಗೆ ನಾನೇ ಓದಿ ಹೇಳಿದೆ. "ಸರಿ ಬುಡಿ, ಕಳ್ಳೇಕಾಯಿ ಬೇಯ್ಸ್ಕಂಡ್ ಬತ್ತೀನಿ" ಅಂದಳು.

ಮೂರು ದಿನ ತಂದಳು. ಮಕ್ಕಳು ತಿರುಗಿಯೂ ನೋಡಲಿಲ್ಲ. ಮೇಷ್ಟ್ರಾದವನು ಮಕ್ಕಳೆದುರು ಬೀದಿಯಲ್ಲಿ ಕೊಂಡು ತಿನ್ನುವುದುಂಟೇ ಎಂದು ನಾನೂ ಕೊಳ್ಳಲಿಲ್ಲ. ನಾಲ್ಕನೆಯ ದಿನ ಅವಳು ಬರಲಿಲ್ಲ, ಆಮೇಲೂ ಬರಲಿಲ್ಲ.

ನಿಯಮ ಸರಿಯಾಗಿಯೇ ಇತ್ತು; ಯಾರಾದರೂ ಅಲ್ಲವೆಂದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಆ ಊರಿನಲ್ಲಿದ್ದ ಇನ್ನೆರಡು ವರ್ಷ, ನಾನು ಉಂಡೆನೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ.