ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ನನ್ನ ಹೆಂಡತಿಯನ್ನು ಅವಳ ಗ್ರಂಥಾಲಯದಲ್ಲಿ ಎಲ್ಲರೂ ಚೀಟಿ ಮೇಡಂ ಎನ್ನುತ್ತಾರೆ. ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದವಳು ಮನೆಯನ್ನೂ ಬಿಟ್ಟಿಲ್ಲ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ, ಬೀಗದ ಕೈಗಳಿಗೆ ಚೀಟಿ. ಕನ್ನಡಕದ ಅಂಗಡಿ ಇಟ್ಟಿರುವ ನನ್ನದೇ ಕನ್ನಡಕದ ಡಬ್ಬಿಯ ಮೇಲೆ ನನ್ನ ಹೆಸರು. ಮದುವೆಯ ದಿನ ನನ್ನ ಬೆನ್ನಿಗೂ ಒಂದು ಅಂಟಿಸಿರಬೇಕು, ನನಗೆ ಕಾಣಿಸಿಲ್ಲ ಅಷ್ಟೆ.

ಇಂಥವಳ ಕೈಯಲ್ಲೇ ಹೆಸರು ತಪ್ಪಿತು. ಆ ತಪ್ಪಿಗೆ ಅವಳ ಒಬ್ಬನೇ ತಮ್ಮ ಮಾತು ಬಿಟ್ಟು ಮೂರು ವರ್ಷವಾಯಿತು.

ನನ್ನ ಭಾಮೈದ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು. ಕಂಪ್ಯೂಟರನ್ನು ತಾನೇ ಕಲಿತ. ಅಕ್ಕ ಕಪಾಟು ಕಪಾಟು ತಡಕಾಡಿ ಸುಸ್ತಾಗುವುದನ್ನು ನೋಡಿ, ಪುಸ್ತಕ ಹುಡುಕುವುದಕ್ಕೆ, ಕೊಡುವುದಕ್ಕೆ, ವಾಪಸು ಪಡೆಯುವುದಕ್ಕೆ ಒಂದು ತಂತ್ರಾಂಶ ಬರೆದ. ಇಬ್ಬರೂ ಸೇರಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಷರತ್ತು ಒಂದೇ: ಬರೆದವರ ಹೆಸರನ್ನೂ ಪರವಾನಗಿಯ ಮಾತನ್ನೂ ಯಾರೂ ಅಳಿಸಬಾರದು.

ಬೇರೆ ಬೇರೆ ಕಡೆಯ ಜನ ಸೇರಿಕೊಂಡು ಅದೊಂದು ತಂಡವಾಯಿತು. ತಂತ್ರಾಂಶದ ಯಾವ ಕಡತ ಯಾರು ಬರೆದದ್ದು, ಯಾವ ವರ್ಷ, ಯಾವ ಷರತ್ತಿನ ಮೇಲೆ ಎಂದು ನೋಡಿಕೊಳ್ಳುವುದಕ್ಕೆ ನನ್ನ ಹೆಂಡತಿಗಿಂತ ತಕ್ಕವರು ಯಾರಿದ್ದಾರೆ? ಒಂದು ಕಂಪನಿ ಈ ತಂತ್ರಾಂಶದಲ್ಲಿ ಯಾವನೋ ವಿದ್ಯಾರ್ಥಿ ಬರೆದ ಹನ್ನೊಂದು ಸಾಲು ಬಳಸಿಕೊಂಡು ಅವನ ಹೆಸರನ್ನು ಅಳಿಸಿತ್ತು. ಇವಳು ಪತ್ರದ ಮೇಲೆ ಪತ್ರ ಬರೆದು, ಅವರ ಪ್ರಾಣ ಹಿಂಡಿ, ಹೆಸರನ್ನು ವಾಪಸು ಹಾಕಿಸುವ ತನಕ ಬಿಡಲಿಲ್ಲ.

ತಮ್ಮ ಮಾತ್ರ ತನ್ನ ಕಡತಗಳಿಗೆ ಹೆಸರು ಹಾಕುತ್ತಿರಲಿಲ್ಲ. ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ತಂದು ಮೇಜಿನ ಮೇಲೆ ಎಸೆದು ಹೋಗುವನು. ಜಾಲಕ್ಕೆ ಏರಿಸುತ್ತಿದ್ದವಳು ಇವಳು.

“ಹೆಸರು ಹಾಕೋ ಅಂದ್ರೆ ಕೇಳಲ್ವಲ್ಲ ನೀನು.”

“ಹೆಸರೇನು ಪುಸ್ತಕ ಹುಡುಕಿ ಕೊಡುತ್ತಾ? ಕೆಲ್ಸ ಮಾಡುತ್ತಲ್ಲ, ಸಾಕು ಬಿಡಕ್ಕ.”

ದೊಡ್ಡ ಸಂಸ್ಥೆಯೊಂದು ಈ ತಂತ್ರಾಂಶವನ್ನು ನೂರಾರು ಗ್ರಂಥಾಲಯಗಳಿಗೆ ಹಂಚಲು ಮುಂದೆ ಬಂತು. ಪ್ರತಿ ಕಡತದ ತಲೆಯಲ್ಲೂ ಬರೆದವರ ಹೆಸರು ಇರಲೇಬೇಕು, ಅದೂ ಶನಿವಾರದೊಳಗೆ ಎಂದಿತು. ಹೆಸರಿಲ್ಲದವು ಇನ್ನೂರ ಹದಿನಾಲ್ಕು. ಮುಕ್ಕಾಲು ಪಾಲು ತಮ್ಮನವೇ. ಆದರೆ ನಡುವೆ ಬೇರೆಯವರದೂ ಕೆಲವು ಬೆರೆತಿದ್ದವು, ಅಷ್ಟು ಬೇಗ ಬಿಡಿಸಿ ಹೇಳಬಲ್ಲವನು ಅವನೊಬ್ಬನೇ. ಅವನು ಫೋನ್ ಎತ್ತಲಿಲ್ಲ.

ಇವಳ ಗ್ರಂಥಾಲಯದಲ್ಲಿ ಒಂದು ರೂಢಿಯಿದೆ. ಮೊದಲ ಪುಟ ಹರಿದುಹೋದ ಪುಸ್ತಕ ಬಂದರೆ, ಲೇಖಕರ ಹೆಸರಿನ ಜಾಗದಲ್ಲಿ ಪಟ್ಟಿ ಮಾಡುವವರು ತಮ್ಮ ಹೆಸರನ್ನೇ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಇದು ಯಾರದೆಂದು ಹುಡುಕುವ ಹೊಣೆ ನನ್ನದು ಎಂದು ಅದರ ಅರ್ಥ. ಗೊತ್ತಾದ ಮೇಲೆ ಅಳಿಸಿ, ನಿಜವಾದ ಹೆಸರನ್ನು ಶಾಯಿಯಲ್ಲಿ ಬರೆಯುತ್ತಾರೆ. ಇವಳು ಇಲ್ಲೂ ಅದನ್ನೇ ಮಾಡಿದಳು. ಒಂದೇ ಏಟಿಗೆ ಇನ್ನೂರ ಹದಿನಾಲ್ಕು ಕಡತಗಳಿಗೂ ತನ್ನ ಹೆಸರು ಹಾಕಿ ಕಳಿಸಿದಳು, ಆಮೇಲೆ ತಿದ್ದಿದರಾಯಿತು ಎಂದು. ಕಂಪ್ಯೂಟರಿನಲ್ಲಿ ಪೆನ್ಸಿಲ್ ಇಲ್ಲ. ತಮ್ಮ ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದ. ಅಷ್ಟರಲ್ಲಿ ನನ್ನ ತಾಯಿ ಹಾಸಿಗೆ ಹಿಡಿದರು, ಅವರ ಆರೈಕೆಯೆಲ್ಲ ಇವಳ ತಲೆಗೇ ಬಂತು. ನಾಲ್ಕು ವರ್ಷ ಕಳೆದುಹೋಯಿತು.

ಕಾರ್ಖಾನೆ ಮುಚ್ಚಿದಾಗ ಅವನಿಗೆ ನಲವತ್ತೆರಡು. ಪದವಿಯಿಲ್ಲ. ಹೊಸ ಕೆಲಸಕ್ಕೆ ತೋರಿಸಲು ಇದ್ದದ್ದು ಈ ತಂತ್ರಾಂಶವೊಂದೇ. ಸಂದರ್ಶನದಲ್ಲಿ ಮೂವರು ಕುಳಿತು ದೊಡ್ಡ ಪರದೆಯ ಮೇಲೆ ಒಂದೊಂದೇ ಕಡತ ತೆರೆದರು. ಎಲ್ಲದರ ತಲೆಯಲ್ಲೂ ಅಕ್ಕನ ಹೆಸರು. ಏರಿಸಿದವರ ದಾಖಲೆ ತೆಗೆದರೆ ಅಲ್ಲೂ ಅಕ್ಕ.

“ಹಾಗಾದ್ರೆ ನಿಮ್ಮಕ್ಕನ್ನೇ ಕಳಿಸಿಕೊಡಿ” ಎಂದರಂತೆ ಒಬ್ಬರು. ಉಳಿದಿಬ್ಬರು ನಕ್ಕರಂತೆ.

ಅಲ್ಲಿಂದ ನೇರ ನಮ್ಮ ಮನೆಗೆ ಬಂದ. ಕೂರಲಿಲ್ಲ.

“ಭಾವ, ನಾನು ಬರೆದಿದ್ದನ್ನ ನಾನೇ ಕದ್ದ ಹಾಗೆ ಮಾಡಿಟ್ಲು ನಿಮ್ಮ ಹೆಂಡ್ತಿ.”

“ಅದು ಗುರುತಿಗೆ ಅಂತ ಹಾಕಿದ್ದು ಕಣೋ…” ಎಂದಳು ಇವಳು.

“ನಾಲ್ಕು ವರ್ಷದ ಗುರುತಾ?”

ಹೆಸರು ಹಾಕದ ಸೋಮಾರಿ ನೀನೇ ಅಲ್ಲವೇ ಎಂದು ನಾನು ಕೇಳಬಹುದಿತ್ತು. ಅವನ ಮುಖ ನೋಡಿ ಸುಮ್ಮನಾದೆ. ಈಗ ಅನ್ನಿಸುತ್ತದೆ, ಕೇಳಬೇಕಿತ್ತು.

ಒಂದು ವಾರ ಕೂತು ಇವಳು ಇನ್ನೂರ ಹದಿನಾಲ್ಕನ್ನೂ ತಂಡದ ಒಬ್ಬೊಬ್ಬರ ಹತ್ತಿರ ವಿಚಾರಿಸಿ, ಅವರದಲ್ಲದ್ದನ್ನೆಲ್ಲ ತಮ್ಮನ ಹೆಸರಿಗೆ ತಿದ್ದಿದಳು. ಸಂದರ್ಶನ ಮಾಡಿದವರಿಗೂ ಪತ್ರ ಬರೆದಳು. ಆ ಜಾಗ ತುಂಬಿದೆ ಎಂದು ಉತ್ತರ ಬಂತು. ತಮ್ಮನ ಉತ್ತರ ಬೇರೆ ಥರ ಬಂತು. ಅವನು ಇಡೀ ತಂತ್ರಾಂಶವನ್ನು ನಕಲು ಮಾಡಿಕೊಂಡು ಜಾಲದಲ್ಲಿ ತನ್ನದೇ ಬೇರೆ ಅಂಗಡಿ ತೆರೆದ. ಅದಕ್ಕೆ ಪರವಾನಗಿಯ ಅಡ್ಡಿಯಿಲ್ಲ. ಆದರೆ ಬಳಸುವವರಿಗೆಂದು ಇವಳೇ ಬರೆದಿದ್ದ ಮೂವತ್ತು ಸಹಾಯದ ಪುಟಗಳಿದ್ದವು. ಅವುಗಳಲ್ಲಿ ಅಕ್ಕನ ಹೆಸರು ಅಳಿಸಿ ತನ್ನದನ್ನು ಹಾಕಿಕೊಂಡ.

ತಂಡದವರು ಫೋನ್ ಮಾಡಿದರು. “ಮೇಡಂ, ಒಂದು ಪತ್ರ ಹಾಕಿ, ಸಾಕು. ಉಳಿದಿದ್ದು ನಾವು ನೋಡ್ಕೋತೀವಿ.”

ನನಗೂ ಮೈಯೆಲ್ಲ ಉರಿಯಿತು. “ಹನ್ನೊಂದು ಸಾಲಿಗೆ ಅಷ್ಟು ಕುಣಿದವಳು, ಮೂವತ್ತು ಪುಟಕ್ಕೆ ಬಾಯಿ ಬಿಡಲ್ವಾ?”

“ನೀವು ಸುಮ್ನಿರ್ರೀ. ಅವನು ಇನ್ನೊಂದ್ಸಲ ಅಕ್ಕ ಅಂದ್ರೆ ಸಾಕು ನಂಗೆ.”

ತಮ್ಮನಿಗೆ ಹೇಳಲಾಗದ್ದನ್ನು ಊರಿಗೆಲ್ಲ ಹೇಗೆ ಹೇಳಲಿ ಎಂದು ತಂಡದ ಕೆಲಸವನ್ನೂ ಬಿಟ್ಟಳು. ದಿನಾ ಸಂಜೆ ಅವನ ನಕಲನ್ನು ತೆರೆದು ಓದುವುದು ಮಾತ್ರ ಬಿಡಲಿಲ್ಲ.

ಕಳೆದ ವಾರ ಹದಿನೇಳನೆಯ ಪುಟದಲ್ಲಿ ಒಂದು ತಪ್ಪು ಸಿಕ್ಕಿತು. ಪುಸ್ತಕದ ಅವಧಿ ಮುಂದುವರಿಸುವ ಒಂದು ಹಂತವೇ ಬಿಟ್ಟುಹೋಗಿತ್ತು. ತಪ್ಪು ಇವಳದೇ, ಅವನು ಹಾಗೇ ಇಟ್ಟುಕೊಂಡಿದ್ದ. ಇವಳ ಮುಖ ಅರಳಿತು. ತಿದ್ದುಪಡಿ ಬರೆದಳು. ಕಳಿಸುವವರ ಹೆಸರು ಎಂಬಲ್ಲಿ ತನ್ನ ಪೂರ್ತಿ ಹೆಸರನ್ನು ಒತ್ತಿದಳು.

“ಈ ನೆಪದಲ್ಲಾದ್ರೂ ಒಂದು ಮಾತು ಬರೀತಾನೆ ನೋಡಿ” ಎಂದಳು.

ಒಂದು ಗಂಟೆಯೂ ಆಗಿರಲಿಲ್ಲ, ಬರೆದ. “ತಿದ್ದುಪಡಿ ಸ್ವೀಕರಿಸಿಲ್ಲ. ಕಳಿಸಿದವರು ಯಾರೋ ಗೊತ್ತಿಲ್ಲ.”

ಅದನ್ನು ಎರಡು ಸಲ ಓದಿದಳು. ಆಮೇಲೆ ಅಂಗಡಿಗೆ ಹೊರಟಿದ್ದ ನನ್ನನ್ನು ಕರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

“ನನ್ನ ಹೆಸರು ಸರಿಯಾಗೇ ಹಾಕಿದೀನಿ ಅಲ್ವಾ, ಸ್ವಲ್ಪ ನೋಡಿ.”

ಸರಿಯಾಗಿಯೇ ಇತ್ತು.