ಹಲಗೆಗಳ ನಡುವೆ ಬದುಕಿದ್ದ ಗಿಡ

ಮೊನ್ನೆ ರೇಷ್ಮೆ ಸೀರೆಗಳ ಪೆಟ್ಟಿಗೆ ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಸೀರೆ ಮಡಿಲಲ್ಲೇ ಉಳಿಯಿತು. ಎಂಬತ್ತರ ದಶಕದ ಕೀನ್ಯಾ, ನಾವಿದ್ದ ಪಂಗಾನಿ ಬಡಾವಣೆ, ಪಕ್ಕದ ಮನೆಯ ಜಪಾನಿ ಸಸ್ಯಶಾಸ್ತ್ರಜ್ಞರು ಕಣ್ಣಮುಂದೆ ಬಂದರು. ಅವರ ಮನೆಯೆಲ್ಲ ಇದೇ ವಾಸನೆ.

ಹರೆಯದಲ್ಲೇ ಕೀನ್ಯಾಕ್ಕೆ ಬಂದು, ತಲೆ ನರೆಯುವವರೆಗೂ ಉತ್ತರದ ಒಣಗುಡ್ಡಗಳನ್ನು ಅಲೆದವರು. ತಂದ ಗಿಡಗಳನ್ನು ಪತ್ರಿಕೆಯ ಹಾಳೆಗಳಲ್ಲಿ ಹರಡಿ, ಎರಡು ಹಲಗೆಗಳ ಮಧ್ಯೆ ಬಿಗಿದು ಒಣಗಿಸಿ, ತಮ್ಮ ದೇಶದ ಸಂಗ್ರಹಾಲಯಕ್ಕೆ ಕಳಿಸುತ್ತಿದ್ದರು. ಊರಿನಿಂದ ನನಗೆ ಬರುತ್ತಿದ್ದ ಕನ್ನಡ ಪತ್ರಿಕೆಗಳು ಓದಿದ ಮೇಲೆ ಅವರ ಪಾಲು. "ಅಸಾಂಟೆ, ಮಾಮಾ" ಎಂದು ಸ್ವಾಹಿಲಿಯಲ್ಲಿ 'ಧನ್ಯವಾದ, ಅಮ್ಮ' ಹೇಳಿ ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಳ್ಳುತ್ತಿದ್ದರು. ನಮ್ಮೂರಿನ ಮದುವೆ, ಜಗಳ, ಚುನಾವಣೆಗಳ ಮೇಲೆ ಆಫ್ರಿಕದ ಗಿಡಗಳು ಮಲಗಿರುವುದನ್ನು ನೋಡಿದರೆ ನನಗೆ ನಗು.

ದಪ್ಪ ಎಲೆಯ ಗಿಡಗಳು ಮಾತ್ರ ಮೊಂಡು. ಮೊದಲು ಕುದಿಯುವ ನೀರಿನಲ್ಲಿ ಅದ್ದಿ ಕೊಲ್ಲದಿದ್ದರೆ ಹಲಗೆಗಳ ನಡುವೆಯೂ ಬದುಕಿರುತ್ತವೆ ಎಂದು ಅವರೇ ಹೇಳಿದ್ದರು. ಅದೊಂದು ಸಲ ಹೊರಡುವ ಗಡಿಬಿಡಿಯಲ್ಲಿ ಅಂಥದ್ದೊಂದನ್ನು ಅದ್ದದೆಯೇ ಬಿಗಿದಿಟ್ಟು, ಮನೆಯ ಕೀಲಿಕೈ ನನ್ನ ಕೈಗಿತ್ತು ಗುಡ್ಡಕ್ಕೆ ಹೋದರು.

ಬರಲಿಲ್ಲ. ಜೀಪು ಗುಡ್ಡದ ಬುಡದಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ಪೊಲೀಸರು ಹುಡುಕಿ ಹುಡುಕಿ ಕೈಚೆಲ್ಲಿದರು... ಒಂದು ದಿನ ಧೂಳು ಹೊಡೆಯಲು ಆ ಮನೆಗೆ ಹೋದವಳು ನೋಡುತ್ತೇನೆ, ಹಲಗೆಗಳ ಸಂದಿಯಿಂದ ಬೆಳ್ಳನೆಯ ಚಿಗುರೊಂದು ಹೊರಬಂದಿದೆ. ಮಣ್ಣಿಲ್ಲ, ನೀರಿಲ್ಲ. ಮುಂದಿನ ವಾರ ಅದು ಬೆರಳುದ್ದವಾಗಿ ಬಾಗಿಲ ಕಡೆಗೆ ಬಾಗಿತ್ತು, ಯಾರನ್ನೋ ಕಾಯುವವರ ಹಾಗೆ.

"ಅವ್ರು ಬದುಕಿದ್ದಾರೆ ಕಣ್ರೀ" ಎಂದೆ ನಮ್ಮವರಿಗೆ.

"ನಿಂಗೆಲ್ಲೋ ಹುಚ್ಚು. ಗಿಡ ನೋಡಿ ಮನುಷ್ಯನ ಆಯಸ್ಸು ಹೇಳ್ತೀಯಾ?" ಎಂದು ರೇಗಿದರು. ಹಾಗೆಂದವರು ಆ ಮನೆಯೊಳಗೆ ಒಬ್ಬರೇ ಕಾಲಿಡುತ್ತಿರಲಿಲ್ಲ, ಅದು ಬೇರೆ ಮಾತು.

ಮಳೆ ಮುಗಿಯುವ ಹೊತ್ತಿಗೆ ಜಪಾನಿನಿಂದ ಅವರ ಹೆಂಡತಿ ಬಂದರು. ಅಷ್ಟರಲ್ಲಿ ಆ ಬಿಳಿ ಚಿಗುರಿನ ತುದಿಯಲ್ಲಿ ಕೆಂಪು ಹೂ ಅರಳಿತ್ತು. "ನೋಡಿ, ಇನ್ನೂ ಜೀವ ಇದೆ" ಎಂದು ಆಸೆಯಿಂದ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, "ಸ್ವಲ್ಪ ನೀರು ಕುದಿಸಿ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದರು. ಕೊಟ್ಟೆ. ಗಿಡಕ್ಕೆ ತಲೆಬಾಗಿ, ಗಂಡ ಅದ್ದದೆ ಬಿಟ್ಟುಹೋದದ್ದನ್ನು ತಾವೇ ಅದ್ದಿದರು.

ಈಗ ಮಟಾಟು ವ್ಯಾನಿನಲ್ಲಿ ಪಂಗಾನಿ ದಾಟುವಾಗ ನೋಡುತ್ತೇನೆ, ಆ ಮನೆಯ ಜಾಗದಲ್ಲಿ ಅಂಗಡಿಗಳ ಸಾಲಿದೆ. ಅವರ ಮೂಳೆ ಕೂಡ ಯಾರಿಗೂ ಸಿಗಲಿಲ್ಲ. ಗುಡ್ಡದಲ್ಲಿ ಅವರು ಯಾವತ್ತು ತೀರಿಕೊಂಡರೋ... ನನ್ನ ಪಾಲಿಗೆ ತೀರಿಕೊಂಡದ್ದು ಮಾತ್ರ ಆ ಮಧ್ಯಾಹ್ನ, ನಾನು ಕುದಿಸಿಕೊಟ್ಟ ನೀರಿನಲ್ಲಿ.