ಪಂಕ್ತಿ ಏಳುವ ಮೊದಲು

ಸೌಭಾಗ್ಯಳನ್ನು ಅಂಜುಬುರುಕಿ ಅನ್ನುವವರು ನನ್ನ ಹಾಗೆ ಅವಳ ಪಕ್ಕದ ಕುರ್ಚಿಯಲ್ಲಿ ಒಂದು ವಾರ ಕೂತು ನೋಡಲಿ. ವಿಜಯಪುರದ ಕಡೆಯವಳು, ಡೊಂಬಿವ್ಲಿಯಲ್ಲಿ ಮನೆ. ಮಗಳು ಹುಟ್ಟಿದಾಗ ಬಿಟ್ಟಿದ್ದ ಪ್ರೋಗ್ರಾಮಿಂಗ್ ಕೆಲಸಕ್ಕೆ ಎಷ್ಟೋ ವರ್ಷದ ಮೇಲೆ ಬೇಲಾಪುರದ ನಮ್ಮ ಆಫೀಸಿನಲ್ಲಿ ಮರಳಿ ಸೇರಿದ್ದಳು, ಅದೂ ಪ್ರೊಬೇಷನ್ ಮೇಲೆ. ಆಂಬುಲೆನ್ಸ್‌ಗಳು ಎಲ್ಲಿವೆ ಎಂದು ಆಸ್ಪತ್ರೆಗಳಿಗೆ ತೋರಿಸುವ ಸರ್ವರ್ ನಮ್ಮದು. ಪರೀಕ್ಷೆಯಲ್ಲೇ ಅದು ಪದೇಪದೇ ಬೀಳುತ್ತಿತ್ತು, ಅಂದರೆ ನಡುವೆಯೇ ನಿಂತುಹೋಗುತ್ತಿತ್ತು.

"ಸೋಮವಾರದ ಟ್ರಯಲ್‌ನಲ್ಲಿ ಬಿದ್ರೆ, ಸಾರಿ, ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ," ಅಂದ ಅವಳಿಗೆ ಮ್ಯಾನೇಜರ್ ಪೃಥ್ವಿರಾಜ್. ಕೋಡ್ ಬರೆದದ್ದು ಅವನೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ಚಹಾ ತರಿಸಿಕೊಂಡು ಕೋಡ್ ತೆರೆದು ಕೂತಳು.

ಮಧ್ಯಾಹ್ನ ನನ್ನನ್ನು ಕರೆದಳು. "ಅಕ್ಕಾರ, ಸಿಕ್ತು ನೋಡ್ರಿ. ಒಬ್ಬಾಂವ ಉಂಡು ಎದ್ದ ಅಂದಕೂಡ್ಲೇ ನಮ್ಮ ಸಾಹೇಬ್ರು ಎಲಿ ಎತ್ತಿಬಿಡ್ತಾರ. ಹುಗ್ಗಿ ಬಡಸಾಂವ ಬಂದು ನೆಲದ ಮ್ಯಾಲೆ ಸುರೀತಾನ. ಪಂಕ್ತಿ ಏಳೂತನ ಎಲಿ ಎತ್ತಬಾರದು ಅಂತ ಮನ್ಯಾಗ ಯಾರೂ ಹೇಳಿಲ್ಲೇನು ಇವರಿಗೆ?"

ನಿಜ. ಒಂದು ಗಾಡಿಯ ಸಂಪರ್ಕ ಕಡಿದ ಕೂಡಲೇ ಮೆಮೊರಿಯಲ್ಲಿ ಅದಕ್ಕೆಂದು ಇಟ್ಟಿದ್ದ ಜಾಗವನ್ನು ಅಳಿಸುತ್ತಿದ್ದೆವು. ಅದೇ ಗಾಡಿಯ ಇನ್ನೊಂದು ಸಂದೇಶ ಹಿಂದೆಯೇ ಕಾದಿರುತ್ತಿತ್ತು. ಇಲ್ಲದ ಜಾಗಕ್ಕೆ ಕೈಹಾಕಿದ ಸರ್ವರ್ ಬೀಳದೆ ಏನು ಮಾಡೀತು? ಅವಳು ಅಳಿಸಬೇಕಾದದ್ದನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದಳು. ಕೈಗೆತ್ತಿಕೊಂಡ ಸಂದೇಶಗಳೆಲ್ಲ ಮುಗಿದ ಮೇಲೆಯೇ ಆ ಸಾಲನ್ನು ಬೇರೆಯಾಗಿ ತೆಗೆದಿಟ್ಟು ಅಳಿಸುವಂತೆ ಬರೆದಳು.

"ಅಳಿಸುವಾಗ್ಲೇ ಇನ್ನೊಂದು ಬಂದು ಸಾಲಿಗೆ ಸೇರಿದ್ರೆ ಎಂತ ಮಾಡ್ತೀ ಮಾರಾಯ್ತಿ?" ನಾನು ಬಿಡಲಿಲ್ಲ.

"ಅದು ಮುಂದಿನ ಪಂಕ್ತಿ ರೀ. ಎಲಿ ಎತ್ತೂವಾಗ ಬಂದವರನ್ನ ಅಲ್ಲೇ ನಡುವ ಕೂಡಸ್ತೀರೇನು?"

ಸೋಮವಾರ ಪೃಥ್ವಿರಾಜ್ ಒಂದೆರಡು ಗಾಡಿಗಳ ಸಂಪರ್ಕ ಕಡಿದು ನೋಡೋಣ ಅಂದ.

"ಒಂದೆರಡ್ಯಾಕ್ರೀ ಸರ್? ಎಲ್ಲಾ ಕಡೀರಿ," ಎಂದವಳೇ ಸರ್ವರ್‌ನ ನೆಟ್‌ವರ್ಕ್ ವೈರನ್ನೇ ಕಿತ್ತಳು. ಎಲಾ ಇವಳ! ಥಾಣೆಯಿಂದ ಅಂಬರನಾಥದವರೆಗಿನ ಟ್ರಯಲ್ ಗಾಡಿಗಳ ಚುಕ್ಕೆಗಳೆಲ್ಲ ಪರದೆಯಿಂದ ಮಾಯವಾದವು. ಅವಳು ವೈರ್ ಮತ್ತೆ ಸಿಕ್ಕಿಸಿದಳು. ಚುಕ್ಕೆಗಳು ಒಂದೊಂದಾಗಿ ಮರಳಿ ಬಂದವು. ಸರ್ವರ್ ಬೀಳಲಿಲ್ಲ.

"ನಿಮ್ಮ ಕೆಲಸ ಕನ್ಫರ್ಮ್ ಮಾಡ್ತೀನಿ," ಎಂದು ಗೊಣಗಿ ಪೃಥ್ವಿರಾಜ್ ಎದ್ದುಹೋದ. ಅವಳು ನನ್ನ ಪಕ್ಕ ಬಂದು ಕೂತಳು. ಮನೆಗೆ ಫೋನ್ ಹಚ್ಚಿದಳು.

"ಅತ್ತೀ, ನಾ ನಾಳಿನೂ ಆಫೀಸಿಗೆ ಹೋಗಾಕಿ ನೋಡ್ರಿ," ಎಂದ ಆ ಗಟ್ಟಿಗಿತ್ತಿ ಬಿಕ್ಕಿಬಿಕ್ಕಿ ಅತ್ತಳು.

ಅತ್ತೆ ಚಂದವ್ವನ ಧ್ವನಿ ನನಗೂ ಕೇಳಿಸಿತು: "ಹೋಗದ ಏನ ಮಾಡ್ತಿ, ಹುಚ್ಚಿ? ಡಬ್ಬಿಗೆ ಏನ ಕಟ್ಟಲಿ, ಅದನ್ನ ಹೇಳು."